ತೂಬಿಗೆ ಒಬ್ಬ ಸಲಹೆಗಾರರನ್ನು ಕಾಯಂ ಮಾಡಿಕೊಡುವ ಬಗ್ಗೆ

ಚೆರುವುಮುಂದರಪಲ್ಲಿ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ.
ಮಾರ್ಚ್ 1981

ಕೆರೆಕುಂಟೆ ಅಭಿವೃದ್ಧಿ ಇಲಾಖೆಯ ಮಾನ್ಯ ಮಂತ್ರಿಗಳ ಸನ್ನಿಧಾನಕ್ಕೆ
(ತಮ್ಮ ಕಚೇರಿಯಲ್ಲಿ ಕಾಗದಗಳಿಗೆ ಕಾಲು ಬರುವುದುಂಟೆಂದು ಕೇಳಿ, ಒಂದು ಪ್ರತಿಯನ್ನು ಕೋಲಾರದ ವಾರಪತ್ರಿಕೆಗೂ ಕಳಿಸಿದೆ)

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕುಟುಂಬಕ್ಕೂ, ತಮ್ಮ ಇಲಾಖೆಯನ್ನು ಅಲಂಕರಿಸಿರುವ ಹದಿನಾಲ್ಕು ಮಂದಿ ಸಲಹೆಗಾರರಿಗೂ, ಆ ಹದಿನಾಲ್ಕು ಮಂದಿಯನ್ನು ಸರದಿಯ ಮೇಲೆ ಹೊತ್ತು ತಿರುಗುತ್ತಿರುವ ಒಂದೇ ಒಂದು ಜೀಪಿಗೂ ನನ್ನ ಭಕ್ತಿಪೂರ್ವಕ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಸಲಹೆಗಾರರ ಆರೋಗ್ಯದ ವಿಚಾರದಲ್ಲಿ ಮಾತ್ರ ನಂಬಿಕೆಯ ಅಗತ್ಯವಿಲ್ಲ, ಅವರಿಗೆ ಬಡಿಸಿದವಳು ನಾನೇ ಆದ್ದರಿಂದ ಕಣ್ಣಾರೆ ಬಲ್ಲೆ. ಜೀಪಿನ ಆರೋಗ್ಯ ಅಷ್ಟು ಚೆನ್ನಾಗಿಲ್ಲ.

ನಾನು ಯಾರೆಂದು ತಮಗೆ ಗೊತ್ತಿರಲಾರದು. ಹೆಸರು ಶ್ಯಾಮಲಮ್ಮ, ಶ್ರೀನಿವಾಸಪುರದಲ್ಲಿ ಎಂಟನೆಯ ತರಗತಿಯವರೆಗೆ ಓದಿದವಳು, ನಮ್ಮೂರ ಮಹಿಳಾ ಸಮಾಜದ ಕಾರ್ಯದರ್ಶಿ, ಪಂಚಾಯಿತಿ ಚೇರ್ಮನ್ ಶ್ರೀನಿವಾಸಪ್ಪನವರ ಹೆಂಡತಿ. ಈ ಕೊನೆಯ ಪದವಿಯೇ ನನ್ನ ಕಷ್ಟಗಳಿಗೆ ಮೂಲ, ಏಕೆಂದರೆ ಊರಿಗೆ ಸರ್ಕಾರದ ಜೀಪು ಬಂತೆಂದರೆ ಚೇರ್ಮನ್ನರ ಮನೆಯಲ್ಲಿ ಒಲೆ ಹೊತ್ತಿಕೊಳ್ಳಬೇಕು, ಅಂಗಳದಲ್ಲಿ ಒಂದು ಕೋಳಿ ಕಡಿಮೆಯಾಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನಮ್ಮ ಗದ್ದೆ ಕೆರೆಯ ಅಚ್ಚುಕಟ್ಟಿನ ಕಟ್ಟಕಡೆಯಲ್ಲಿದೆ. ಕೆರೆಯ ನೀರು ಊರಿನ ಎಲ್ಲರ ಪೈರನ್ನೂ ಮಾತನಾಡಿಸಿಕೊಂಡು ಕೊನೆಗೆ ನಮ್ಮಲ್ಲಿಗೆ ಬರುತ್ತದೆ. ನೀರು ಸಾಲದೆ ಹೋದರೆ ಮೊದಲು ಒಣಗುವುದು ನನ್ನ ಭತ್ತ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ಮುಂದಕ್ಕೆ ಓದಬೇಕಾಗಿ ಪ್ರಾರ್ಥನೆ.

ಹೋದ ಕಾರ್ತಿಕದಲ್ಲಿ ಮಳೆರಾಯ ಯಾರ ಸಲಹೆಯನ್ನೂ ಕೇಳದೆ ಸುರಿದು ನಮ್ಮ ಕೆರೆಯನ್ನು ತುಂಬಿಸಿದ. ಕೋಡಿ ಹರಿಯಿತು. ಹೆಂಗಸರೆಲ್ಲ ಹೋಗಿ ಗಂಗೆಗೆ ಅರಿಸಿನ ಕುಂಕುಮ ಬಿಟ್ಟು ಬಂದೆವು, ಅಚ್ಚುಕಟ್ಟಿನ ತುಂಬ ನಾಟಿ ಮಾಡಿದೆವು. ಆಮೇಲೆ ನೋಡಿದರೆ ತೂಬಿನ ಕಂಡಿಗೆ ಕೂಡಿಸುವ ಮರದ ಬಿರಡೆ ಕೊಳೆತು ಹೋಗಿತ್ತು. ಏರಿಯ ಅಡಿಯಿಂದ ನೀರು ಹಗಲೂ ರಾತ್ರಿ ಸುರಿದು, ಗದ್ದೆಗೆ ಬೇಕೋ ಬೇಡವೋ ಕೇಳದೆ ಕಾಲುವೆ ತುಂಬಿ, ಹಳ್ಳ ಸೇರುತ್ತಿತ್ತು. ಹಿಂದಿನ ಕಾಲವಾಗಿದ್ದರೆ ನಮ್ಮೂರ ಬಡಗಿ ಕದಿರಪ್ಪ ಒಂದು ಮಧ್ಯಾಹ್ನ ಕೂತು ಹೊಸ ಬಿರಡೆ ಕೆತ್ತಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಈಗ ಹಾಗೆ ಮಾಡುವಂತಿಲ್ಲ. ಎರಡು ವರ್ಷದ ಕೆಳಗೆ ತಮ್ಮ ಇಲಾಖೆ ನಮ್ಮ ಕೆರೆಯನ್ನು ಅಭಿವೃದ್ಧಿಗೆಂದು ತೆಗೆದುಕೊಂಡು, ಏರಿಯ ಮೇಲೆ ಒಳ್ಳೆಯ ತೇಗದ ಹಲಗೆಯ ದೊಡ್ಡ ಬೋರ್ಡೊಂದನ್ನು ನಿಲ್ಲಿಸಿತು. ‘ಇಲಾಖೆಯ ಅಪ್ಪಣೆಯಿಲ್ಲದೆ ತೂಬನ್ನು ಮುಟ್ಟಕೂಡದು. ಮುಟ್ಟಿದವರನ್ನು ಶಿಕ್ಷಿಸಲಾಗುವುದು.’ ಅಭಿವೃದ್ಧಿ ಅಲ್ಲಿಗೆ ಮುಗಿಯಿತು.

ಆದ್ದರಿಂದ ಒಂದು ಬಿರಡೆಯನ್ನು ಕೃಪೆಯಿಟ್ಟು ದಯಪಾಲಿಸಬೇಕೆಂದು ತಮ್ಮ ಕಚೇರಿಗೆ ಬರೆದುಕೊಂಡೆವು. ಬಿರಡೆಯ ಬಾಬ್ತಿನಲ್ಲಿ ಹಣವಿಲ್ಲ, ಆದರೆ ವಿಷಯದ ಗಾಂಭೀರ್ಯವನ್ನು ಮನಗಂಡು ಒಬ್ಬ ಸಲಹೆಗಾರರನ್ನು ಕಳಿಸಿಕೊಡಲಾಗುವುದು ಎಂದು ಉತ್ತರ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಮಾತು ಸುಳ್ಳು. ನಮ್ಮ ಪೂಜಾರಿ ಕೇಳದೆ ಇದ್ದದ್ದನ್ನೂ ಕೊಟ್ಟ.

ಅವರು ಬರುವಷ್ಟರಲ್ಲಿ ನಮ್ಮ ನೀರುಗಂಟಿ ದೊಡ್ಡಮುನಿಯಪ್ಪ ಸುಮ್ಮನೆ ಕೂರಲಾರದೆ ಒಂದು ಕೆಲಸ ಮಾಡಿದ್ದ. ತಮ್ಮ ಕಡೆ ನೀರು ನಲ್ಲಿಯಲ್ಲಿ ಬರುವುದರಿಂದ ನೀರುಗಂಟಿ ಎಂದರೆ ಯಾರೆಂದು ತಿಳಿದಿರಲಿಕ್ಕಿಲ್ಲ. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ಹಂಚುವವನು ಅವನು. ಸರ್ಕಾರದ ಸಂಬಳವಿಲ್ಲ. ಕುಯ್ಲಿನ ದಿನ ಒಂದೊಂದು ಗದ್ದೆಯವರೂ ಅವನಿಗೆ ಒಂದೊಂದು ಕಂತೆ ಭತ್ತ ಕೊಡುತ್ತಾರೆ. ನೀರು ತಲುಪಿ ಬೆಳೆ ಬಂದರೆ ಕಂತೆ, ಬಾರದಿದ್ದರೆ ಅವನಿಗೂ ಇಲ್ಲ, ನಮಗೂ ಇಲ್ಲ. ಅವನ ಅಪ್ಪನಿಗೂ ಇದೇ ಕರಾರು, ತಾತನಿಗೂ ಇದೇ. ಆ ದೊಡ್ಡಮುನಿಯಪ್ಪ ಗೋಣಿಚೀಲಕ್ಕೆ ಹುಲ್ಲು ಜೇಡಿಮಣ್ಣು ತುಂಬಿ, ನೀರಿಗಿಳಿದು, ತೂಬಿನ ಕಂಡಿಗೆ ಒತ್ತಿ ಬಂದಿದ್ದ. ಮುಕ್ಕಾಲು ಪಾಲು ನೀರು ನಿಂತಿತ್ತು.

ಆಗ ಬಂದವರು ತಮ್ಮ ಮುಳಬಾಗಿಲಿನ ಸಲಹೆಗಾರರು. ಹೋದ ಚುನಾವಣೆಗೆ ಮುಂಚೆ ತಮ್ಮ ಹೆಸರಿನಲ್ಲಿ ಕುರುಡುಮಲೆ ಗಣಪತಿಗೆ ಗಾಡಿ ತುಂಬ ತೆಂಗಿನಕಾಯಿ ಒಡೆಸಿದ್ದರಿಂದ ಕೆರೆ ವಿಷಯದಲ್ಲಿ ತಜ್ಞರಾದರೆಂದು ಅವರೇ ಊಟದ ನಡುವೆ ಅಭಿಮಾನದಿಂದ ಹೇಳಿಕೊಂಡರು. ಏರಿಯ ಮೇಲೆ ನಿಂತು ಗೋಣಿಚೀಲ ನೋಡಿದವರೇ ಕೆಂಡವಾದರು. ಇಲಾಖೆಯ ತೂಬನ್ನು ಇಲಾಖೆಗೆ ಸೇರದವನು ಮುಟ್ಟಿದ್ದಾನೆ! ನಿಂತ ನಿಲುವಿನಲ್ಲೇ ದೊಡ್ಡಮುನಿಯಪ್ಪನ ಕೈಯಿಂದಲೇ ಚೀಲ ಕೀಳಿಸಿ, ಅವನ ಮೇಲೆ ನೋಟಿಸು ಬರೆದು, ಬೋರ್ಡು ಸ್ವಲ್ಪ ಓರೆಯಾಗಿದೆ, ನೆಟ್ಟಗೆ ಮಾಡಿ ಎಂದು ಸಲಹೆ ಕೊಟ್ಟರು. ಬೋರ್ಡು ನೆಟ್ಟಗಾಯಿತು. ನೀರು ಮತ್ತೆ ಹರಿಯಿತು. ಅವರ ಊಟಕ್ಕೆ ನಮ್ಮ ಹುಂಜವೇ ಹೋದದ್ದರಿಂದ ಮಾರನೆಯ ಬೆಳಗಿನಿಂದ ಊರಿನ ಅರ್ಧ ಜನ ಹೊತ್ತೇರುವ ತನಕ ಏಳುತ್ತಿಲ್ಲ. ಇದನ್ನೂ ಅಭಿವೃದ್ಧಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಸಲಹೆಗಾರರ ಸಂಖ್ಯೆ, ಸಂಬಳಗಳ ಬಗ್ಗೆ ನನಗೆ ತಿಳಿದದ್ದು ಆ ದಿನವೇ. ಜೀಪಿನ ಡ್ರೈವರ್ ಏಜಾಜ್ ಜಗುಲಿಯ ಮೇಲೆ ಮುದ್ದೆ ಮುರಿಯುತ್ತ ಹೇಳಿದ: “ನಮ್ಮ ಇಲಾಖೇಲಿ ಇಂಜಿನಿಯರ್ ಇಬ್ರಮ್ಮಾ, ಅದ್ರಲ್ಲಿ ಒಬ್ರು ರಜಾ. ಸಲಹೆ ಸಾಬ್ರು ಹದ್ನಾಕು ಜನ. ಒಬ್ಬೊಬ್ರಿಗೂ ತಿಂಗ್ಳಿಗೆ ಸಾವಿರದೆಂಟ್ನೂರು, ಮೇಲೆ ಭತ್ಯ. ಜೀಪಿಗೆ ಟಯರ್ ಕೇಳುದ್ರೆ ಮಾತ್ರ ದುಡ್ಡಿಲ್ಲ ಅಂತಾರೆ.” ನಾನು ಬಡಗಿ ಕದಿರಪ್ಪನನ್ನು ಕರೆದು ಬಿರಡೆಗೆ ಏನಾಗುತ್ತದೆಂದು ಕೇಳಿದೆ. ಮರ ಕೊಟ್ಟರೆ ಇಪ್ಪತ್ತು ರೂಪಾಯಿ ಎಂದ. ಇಲಾಖೆಯ ಬಡತನ ನೆನೆದು ನನ್ನ ಕಣ್ಣಲ್ಲಿ ನೀರು ಬಂತು. ಪಾಪ, ಅಷ್ಟು ಜನಕ್ಕೆ ಸಂಬಳ ಕೊಟ್ಟ ಮೇಲೆ ಇಪ್ಪತ್ತು ರೂಪಾಯಿ ಉಳಿಯುವುದಾದರೂ ಹೇಗೆ?

ಎರಡನೆಯದಾಗಿ ದಯಮಾಡಿಸಿದವರು ಮಾಲೂರಿನ ಸಲಹೆಗಾರರು. ಚುನಾವಣೆಯಲ್ಲಿ ಸೋತವರನ್ನು ಬೀದಿಗೆ ಬಿಡಬಾರದೆಂಬ ತಮ್ಮ ದೊಡ್ಡ ಮನಸ್ಸಿನಿಂದ ನೇಮಕವಾದವರು. ಬಂದದ್ದು ಶನಿವಾರ, ಶನಿವಾರ ತಾವು ಮಾಂಸ ಮುಟ್ಟುವುದಿಲ್ಲ ಎಂದರು. ನನ್ನ ಕೋಳಿಗಳ ಪರವಾಗಿ ನಾನು ಆಂಜನೇಯನಿಗೆ ಕೈಮುಗಿದೆ. ಆದರೆ ಸಲಹೆ ಪಕ್ವವಾಗಲು ಸಮಯ ಬೇಕೆಂದು ಅವರು ಭಾನುವಾರದ ತನಕ ಉಳಿದುಬಿಟ್ಟರು. ಭಾನುವಾರ ಸಂಜೆ ಕೈತೊಳೆದುಕೊಂಡು ಅವರು ಕೊಟ್ಟ ಸಲಹೆ ಇದು. ಕೆರೆಗೆ ಖರ್ಚು ಜಾಸ್ತಿಯಾಗಿದೆ, ಮಿತವ್ಯಯ ಮಾಡಬೇಕು, ಆದ್ದರಿಂದ ನೀರುಗಂಟಿ ಎಂಬ ಹುದ್ದೆಯನ್ನು ತೆಗೆದುಹಾಕಬೇಕು! “ಇವ್ನಿಗೆ ಯಾಕ್ರೀ ಕಂತೆ? ಏನ್ ಮಾಡ್ತಾನೆ ಇವ್ನು? ಗುದ್ದಲಿ ಹಿಡ್ಕೊಂಡು ಓಡಾಡ್ತಾನೆ ಅಷ್ಟೇ ಅಲ್ವಾ?” ಎಂದು ನಮ್ಮ ಯಜಮಾನರನ್ನು ಕೇಳಿದರು. ನಮ್ಮ ಯಜಮಾನರು ಹಲ್ಲು ಬಿಟ್ಟರು. ಆ ಸಲಹೆಗಾರರು ಹಿಂದಿನ ರಾತ್ರಿಯೇ ಯಜಮಾನರ ಹೆಗಲ ಮೇಲೆ ಕೈಯಿಟ್ಟು, ಶ್ರೀನಿವಾಸಪುರ ತಾಲ್ಲೂಕಿಗೂ ಒಬ್ಬ ಸಲಹೆಗಾರರು ಬೇಕಾಗಿದ್ದಾರೆ, ಮೇಲೆ ಹೇಳುತ್ತೇನೆ ಎಂದದ್ದೇ ಇದಕ್ಕೆ ಕಾರಣವೆಂದು ನನಗೆ ಆಮೇಲೆ ತಿಳಿಯಿತು. ಅಂದಿನಿಂದ ಯಜಮಾನರು ನನಗೂ ಸಲಹೆ ಕೊಡಲಾರಂಭಿಸಿದರು. ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂಬ ವಿಷಯದಲ್ಲಿ ಒಂದು ಸಲಹೆ ಕೊಟ್ಟ ದಿನ ಉಪ್ಪೇ ಇಲ್ಲದ ಸಾರು ಉಂಡರು.

ಇಷ್ಟು ಹೊತ್ತಿಗೆ ಕೆರೆ ಅರ್ಧಕ್ಕಿಳಿದಿತ್ತು, ನನ್ನ ಕೋಳಿಗಳೂ ಹೆಚ್ಚು ಕಡಿಮೆ ಅಷ್ಟಕ್ಕೇ ಇಳಿದಿದ್ದವು. ಪೈರು ಹೊಡೆ ಕಟ್ಟಿ ತೆನೆ ಬಿಡುವುದರಲ್ಲಿತ್ತು. ಮಾನ್ಯರೇ, ಭತ್ತ ಹಾಲುಗಟ್ಟುವಾಗ ಅದರ ಬುಡದಲ್ಲಿ ನೀರು ಇರಲೇಬೇಕು. ಆಗ ತಪ್ಪಿದರೆ ಆಮೇಲೆ ಕಾವೇರಿಯನ್ನೇ ತಿರುಗಿಸಿದರೂ ಜೊಳ್ಳು ಕಾಳಾಗುವುದಿಲ್ಲ. ಇದೊಂದನ್ನು ನಾನು ತಮಾಷೆಗೆ ಬರೆಯುತ್ತಿಲ್ಲ.

ಮೂರನೆಯವರು ಕೋಲಾರದ ಕೋದಂಡರಾಮಪ್ಪನವರು. ಇವರ ಹೆಸರು ಮಾತ್ರ ಬರೆಯುತ್ತೇನೆ, ಏಕೆಂದರೆ ತಮ್ಮ ಹದಿನಾಲ್ಕು ಮಂದಿಯಲ್ಲಿ ನಮ್ಮ ಕೆರೆಗೆ ನಿಜವಾಗಿ ಉಪಕಾರ ಮಾಡಿದವರು ಇವರೊಬ್ಬರೇ, ಅದೂ ಬಾಯಿ ತೆರೆಯುವುದಕ್ಕೆ ಮುಂಚೆ. ದೇವರು ಇವರಿಗೆ ಮೈಯನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಅದರ ಮೇಲೆ ಬೂದಿ ಬಣ್ಣದ ಸಫಾರಿ ಸೂಟು ಹೊಲಿಸಿದವನು ಬಟ್ಟೆಯಲ್ಲಿ ಲೋಭ ಮಾಡಿಲ್ಲ. ಜೊತೆಗೆ ಶ್ರೀನಿವಾಸಪುರದ ಫೋಟೋ ಸ್ಟುಡಿಯೋ ಸುಭಾನ್‌ನನ್ನೂ ಕರೆತಂದಿದ್ದರು, ಏಕೆಂದರೆ ಸೋರುವ ತೂಬನ್ನು ಬೆರಳಿನಿಂದ ತೋರಿಸುತ್ತಿರುವ ಫೋಟೋ ಒಂದನ್ನು ತಮಗೆ ಒಪ್ಪಿಸಬೇಕಿತ್ತಂತೆ. ಏರಿಯ ಹಿಂಬದಿಗಿಳಿದು, ನೀರು ಹೊರಬೀಳುವ ಕಲ್ಲಿನ ಬಾಯಿಯ ಹತ್ತಿರ ನಿಂತು, ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಎಂದು ಸುಭಾನ್ ಹೇಳಿದಂತೆಲ್ಲ ಸರಿಯುತ್ತ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟರು.

ಜಾರಿದವರು ನೆಟ್ಟಗೆ ತೂಬಿನ ಬಾಯಿಯೊಳಗೆ ಕೂತರು. ಕೂತವರು ಹಾಗೇ ಸಿಕ್ಕಿಕೊಂಡರು. ಕೈಕಾಲುಗಳು ಹೊರಗೆ, ಉಳಿದದ್ದೆಲ್ಲ ಒಳಗೆ. ಮರುಕ್ಷಣವೇ ಕಾಲುವೆಯ ಸದ್ದು ನಿಂತುಹೋಯಿತು. ತಿಂಗಳುಗಟ್ಟಲೆ ನಾವು ಮಲಗಿದಾಗಲೂ ಎದ್ದಾಗಲೂ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡಿದ್ದ ಆ ಸದ್ದು ನಿಂತಾಗ ಊರಿಗೆ ಊರೇ ತೂಬಿನ ಕಡೆ ತಿರುಗಿತು. ದೊಡ್ಡಮುನಿಯಪ್ಪ ಎರಡೂ ಕೈ ಮೇಲೆತ್ತಿ “ನೀಳ್ಳು ನಿಲ್ಚಿಪೋಯ!” ಎಂದು ತೆಲುಗಿನಲ್ಲಿ ಕೂಗಿಕೊಂಡ. ನೀರು ನಿಂತುಹೋಯಿತು ಎಂದು.

“ಏನ್ರೋ ನೋಡ್ತಾ ನಿಂತಿದೀರಾ, ಎಳೀರೋ!” ಎಂದು ಸಲಹೆಗಾರರು ಅಬ್ಬರಿಸಿದರು. ಅದು ಇಲಾಖೆಯ ತೂಬು, ಅಪ್ಪಣೆಯಿಲ್ಲದೆ ಮುಟ್ಟಿದವರಿಗೆ ಶಿಕ್ಷೆ ಎಂಬುದನ್ನು ಓದಿದವರಾದ ನಾವು ಯಾರೂ ಹತ್ತಿರ ಹೋಗಲಿಲ್ಲ. ದೊಡ್ಡಮುನಿಯಪ್ಪ ಮಾತ್ರ ಕೈಮುಗಿದು, “ಒಂಚೂರು ಅಲ್ಲಾಡ್ಬೇಡಿ ಸಾಮೀ, ನಿಮ್ಮ ಪಾದಕ್ಕೆ ಬೀಳ್ತೀನಿ. ಸಂಕ್ರಾಂತಿಗೂ ಮುಂಚಿಂದ ನಿಲ್ದೇ ಇದ್ದ ನೀರು ಈಗ ನಿಂತದೆ” ಎಂದು ಬೇಡಿಕೊಂಡ. ನಮ್ಮ ಯಜಮಾನರೇ ಓಡಿಹೋಗಿ ಹಗ್ಗ, ಹರಳೆಣ್ಣೆ, ಒಂದು ಜೊತೆ ಎತ್ತು ತಂದರು. ಹಗ್ಗವನ್ನು ಕಂಕುಳಿಗೆ ಕಟ್ಟಿ, ಸಂದಿಗೆ ಎಣ್ಣೆ ಸುರಿದು, ಎತ್ತು ಹೊಡೆದರು. ಸಲಹೆಗಾರರು ಈಚೆಗೆ ಬಂದರು, ಅವರ ಹಿಂದೆಯೇ ನೀರೂ ನುಗ್ಗಿ ಬಂತು. ಜನ ಅಯ್ಯೋ ಎಂದರು. ಅವರಿಗಾಗಿಯೇ ಎಂದು ಸಲಹೆಗಾರರು ತಿಳಿದುಕೊಂಡು ಪರವಾಗಿಲ್ಲ ಪರವಾಗಿಲ್ಲ ಎಂದು ಕೈಯಾಡಿಸಿದರು. ಆಮೇಲೆ ನಮ್ಮ ಮನೆಯಲ್ಲಿ ಬಿಸಿನೀರಿನ ಸ್ನಾನ ಮಾಡಿ, ಯಜಮಾನರ ಪಂಚೆ ಸುತ್ತಿಕೊಂಡು, ಕೋಳಿ ಸಾರು ಕುಡಿಯುತ್ತ, ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ತೂಬಿನ ಬಾಯಿಯನ್ನು ಇನ್ನಷ್ಟು ಅಗಲ ಮಾಡಬೇಕು ಎಂದು ಸಲಹೆ ಕೊಟ್ಟರು.

ಆದ್ದರಿಂದ ಮಾನ್ಯರೇ, ನನ್ನ ಮೊದಲನೆಯ ಕೋರಿಕೆ ಏನೆಂದರೆ, ಶ್ರೀ ಕೋದಂಡರಾಮಪ್ಪನವರನ್ನು ನಮ್ಮ ತೂಬಿಗೆ ಕಾಯಂ ಆಗಿ ನೇಮಿಸಿ ಆಜ್ಞೆ ಹೊರಡಿಸಬೇಕು. ಪೂರಾ ಸಂಬಳ ಕೊಡಿ, ಭತ್ಯವನ್ನೂ ಕೊಡಿ, ನಮ್ಮ ಆಕ್ಷೇಪಣೆಯಿಲ್ಲ. ತಲೆಯ ಮೇಲೆ ಕೊಡೆ, ಕೈಗೆ ರೇಡಿಯೋ, ಹೊತ್ತು ಹೊತ್ತಿಗೆ ಮುದ್ದೆ ಸಾರು ಮಹಿಳಾ ಸಮಾಜದ ಜವಾಬ್ದಾರಿ. ಸುತ್ತ ನಾಲ್ಕು ಊರುಗಳಲ್ಲಿ ಹುಡುಕಿದರೂ ಇಷ್ಟು ಹೇಳಿ ಮಾಡಿಸಿದ ಕೆಲಸ ಅವರಿಗೆ ಸಿಗಲಾರದು. ರಾತ್ರಿ ಪಾಳಿಗೆ ಮುಳಬಾಗಿಲಿನವರನ್ನು ಹಾಕಬಹುದು, ಆದರೆ ಅವರು ಸಣ್ಣಗಿರುವುದರಿಂದ ಸುತ್ತ ಗೋಣಿಚೀಲ ತುರುಕಬೇಕಾಗುತ್ತದೆ. ಗೋಣಿಚೀಲಕ್ಕೆ ಅವರೇ ವಿರೋಧ.

ಇದು ಆಗದಿದ್ದರೆ ಎರಡನೆಯ ಕೋರಿಕೆ. ಸಲಹೆಗಾರರು ಹದಿನಾಲ್ಕಿರಲಿ, ನಲವತ್ತಿರಲಿ, ಸಂಬಳವನ್ನು ನಮ್ಮ ನೀರುಗಂಟಿಯ ಕರಾರಿನಂತೆ ಕೊಡುವುದು. ಅವರ ಸಲಹೆಯಿಂದ ಯಾರ ಗದ್ದೆಗೆ ನೀರು ತಲುಪಿತೋ ಆ ಗದ್ದೆಯವರು ಕುಯ್ಲಿನ ದಿನ ಒಂದೊಂದು ಕಂತೆಯನ್ನು ಸಂತೋಷದಿಂದ ಕೊಡತಕ್ಕದ್ದು. ಹೀಗೆ ಮಾಡಿದರೆ ಇಲಾಖೆಗೆ ಒಂದು ಪೈಸೆ ಖರ್ಚಿಲ್ಲ. ಹೊರೆ ಹೊತ್ತುಕೊಂಡು ಹೋಗುವುದಕ್ಕೆ ಜೀಪೂ ಬೇಕಾಗುವುದಿಲ್ಲ. ಕೋದಂಡರಾಮಪ್ಪನವರು ತೂಬಿನಲ್ಲಿ ಕೂತಿದ್ದಷ್ಟು ಹೊತ್ತಿಗೆ ಒಂದು ಹಿಡಿ ಭತ್ತ ನ್ಯಾಯವಾಗಿ ಸಲ್ಲಬೇಕೆಂದು ಊರಿನವರ ತೀರ್ಮಾನವಾಗಿದೆ. ಯಾವಾಗ ಬೇಕಾದರೂ ಬಂದು ಒಯ್ಯಬಹುದು, ಬೆಳೆ ಬಂದರೆ.

ಇನ್ನು ಈ ಪತ್ರ ಬರೆಯಲು ಕೂತದ್ದೇಕೆಂದು ಹೇಳಿಬಿಡುತ್ತೇನೆ. ನಿನ್ನೆ ತಮ್ಮ ಕಚೇರಿಯಿಂದ ಒಟ್ಟಿಗೆ ಎರಡು ಕಾಗದ ಬಂದವು. ಹಿಂದಿನ ಮೂರು ಸಲಹೆಗಳನ್ನು ಹೊಂದಿಸಿ ನೋಡಲು ನಾಲ್ಕನೆಯ ಸಲಹೆಗಾರರು ಬರುತ್ತಾರೆಂದು ಒಂದು. ಕುಯ್ಲಾದ ಮೇಲೆ ನೀರುಗಂಟಿಗೆ ಯಾರೂ ಕಂತೆ ಕೊಡಕೂಡದೆಂದು ಇನ್ನೊಂದು. ಸಂಜೆ ದೊಡ್ಡಮುನಿಯಪ್ಪ ನಮ್ಮ ಮನೆಗೆ ಬಂದ. ಯಾವಾಗಲೂ ಅಂಗಳದಲ್ಲಿ ನಿಂತು ಕೂಗುವವನು ಕೂಗಲಿಲ್ಲ. ತನ್ನ ಗುದ್ದಲಿಯನ್ನು ಜಗುಲಿಯ ಅಂಚಿಗಿಟ್ಟು, “ಇದು ಊರಿನ್ದು ಅಯ್ಯಾ, ನಮ್ಮ ತಾತನ ಕೈಗೆ ಊರೇ ಕೊಟ್ಟಿದ್ದು. ಕಂತೆ ಹೋದ್ರೆ ಹೋಗ್ಲಿ. ಕಣ್ಮುಂದೆ ನೀರು ಹೋಗ್ತಿದ್ರೂ ಮುಟ್ಬೇಡ ಅಂದ್ರೆ ನನ್ಗೆ ಇದ್ಯಾಕೆ?” ಎಂದ. ನಮ್ಮ ಯಜಮಾನರು ಆ ಗುದ್ದಲಿಯನ್ನೇ ನೋಡುತ್ತ ಕೂತರು. ನಾನು ಒಳಗೆ ಹೋಗಿ ಅತ್ತೆ. ನನ್ನ ಭತ್ತಕ್ಕಾಗಿ ಅತ್ತೆನೆಂದರೆ ಸುಳ್ಳಾಗುತ್ತದೆ. ಊರಿಗೆಲ್ಲ ನೀರು ಹಂಚಿದವನು ಗುದ್ದಲಿ ಇಟ್ಟು ಬರಿಗೈಯಲ್ಲಿ ಹೋದದ್ದನ್ನು ನೋಡಿ, ಅಂಥವನನ್ನು ತೆಗೆಯೆಂದವನಿಗೆ ಭಾನುವಾರ ನನ್ನ ಕೈಯಾರೆ ಎರಡನೆಯ ಸಲ ಸಾರು ಬಡಿಸಿದ್ದೆನಲ್ಲ ಎಂದು ಅತ್ತೆ.

ಕೆರೆಯಲ್ಲಿ ಈಗ ಮೊಣಕಾಲು ಮುಳುಗುವಷ್ಟು ನೀರಿದೆ. ಇದನ್ನು ಇಂದೇ ನಿಲ್ಲಿಸಿ, ಅಳೆದು ಬಿಟ್ಟರೆ ಕಡೆಯ ಗದ್ದೆಯ ತೆನೆಯೂ ಉಳಿಯುತ್ತದೆ. ತಮ್ಮ ನಾಲ್ಕನೆಯವರು ಬರುವ ತನಕ ಬಿಟ್ಟರೆ ಅವರು ಕೆರೆಯೊಳಗೆ ಜೀಪು ನಿಲ್ಲಿಸಿಕೊಳ್ಳಬಹುದು, ಒಳ್ಳೆಯ ಬಯಲು. ದೊಡ್ಡಮುನಿಯಪ್ಪನ ಮೇಲಿನ ನೋಟಿಸನ್ನು ವಾಪಸು ಪಡೆದು, ಅವನ ಕಂತೆಗೆ ಅಡ್ಡ ಬರಬಾರದೆಂದು ಬೇಡಿಕೊಳ್ಳುತ್ತೇನೆ. ಇದು ಮೂರನೆಯ ಕೋರಿಕೆ, ಮತ್ತು ಇದೊಂದೇ ನಿಜವಾದದ್ದು.

ತಮಗೆ ದೇವರು ಆಯುರಾರೋಗ್ಯ ಕೊಡಲಿ, ಸಲಹೆಗಾರರನ್ನು ಇನ್ನು ಕೊಡದಿರಲಿ ಎಂದು ಹಾರೈಸುವ,

ನೀರು ಹರಿದರೂ ನಂಬಿಕೆಯನ್ನು ಪೂರ್ತಿ ಹರಿಯಬಿಡದ
ತಮ್ಮ ವಿಶ್ವಾಸಿ,
ಶ್ಯಾಮಲಮ್ಮ

ತಾಜಾ ಕಲಂ: ಪತ್ರ ಮಡಿಸಿಟ್ಟು ಹೊರಗೆ ಬಂದರೆ ಜಗುಲಿಯ ಮೇಲೆ ಗುದ್ದಲಿಯೂ ಇರಲಿಲ್ಲ, ಯಜಮಾನರೂ ಇರಲಿಲ್ಲ. ಏರಿಯ ಹತ್ತಿರ ಜನ ಸೇರಿದ್ದರು. ತಾಲ್ಲೂಕಿನ ಸಲಹೆಗಾರರಾಗಬೇಕಾಗಿದ್ದ ನಮ್ಮ ಯಜಮಾನರು ಹಾಡಹಗಲಲ್ಲಿ ತಮ್ಮ ಇಲಾಖೆಯ ಬೋರ್ಡನ್ನು ಕಿತ್ತು ಹೆಗಲ ಮೇಲೆ ಹೊತ್ತು ಬಡಗಿ ಕದಿರಪ್ಪನ ಮುಂದೆ ಇಳಿಸುತ್ತಿದ್ದರು. ಕೇಸಾಗುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, “ತೂಬು ಮುಟ್ಬಾರ್ದು ಅಂತ ಬರ್ದಿದಾರೆ ಕಣೇ. ಬೋರ್ಡು ಮುಟ್ಬಾರ್ದು ಅಂತ ಎಲ್ಲಿ ಬರ್ದಿದಾರೆ?” ಎಂದರು. ಮದುವೆಯಾದ ಮೇಲೆ ಅವರು ಕೊಟ್ಟ ಸಲಹೆಗಳಲ್ಲಿ ನಾನು ಒಪ್ಪಿದ್ದು ಇದೊಂದೇ. ಕದಿರಪ್ಪ ತೇಗದ ಹಲಗೆಯನ್ನು ತುಂಡು ಮಾಡಿ, ಒಂದರ ಮೇಲೊಂದು ಜೋಡಿಸಿ, ಚೆನ್ನಾದ ಬಿರಡೆ ಕೆತ್ತಿಕೊಟ್ಟ. ಗುದ್ದಲಿಯನ್ನು ಯಜಮಾನರ ಕೈಯಿಂದ ವಾಪಸು ತೆಗೆದುಕೊಂಡ ದೊಡ್ಡಮುನಿಯಪ್ಪ ಅದನ್ನು ದಡದಲ್ಲಿ ಊರಿ, ನೀರಿಗಿಳಿದು, ಬಿರಡೆ ಕೂಡಿಸಿ ಬಂದ. ಕೇಸು ಹಾಕುವುದಾದರೆ ನನ್ನ ಹೆಸರಿಗೆ ಹಾಕಿ, ಹೆಸರು ಮೇಲೆ ಬರೆದಿದ್ದೇನೆ. ಉಳಿದ ಒಂದೇ ಕೋಳಿ ಕಾವಿಗೆ ಕೂತಿರುವುದರಿಂದ ನಾಲ್ಕನೆಯವರು ಬುತ್ತಿ ಕಟ್ಟಿಕೊಂಡು ಬರತಕ್ಕದ್ದು. ಸುಭಾನ್ ತೆಗೆದ ಫೋಟೋ ಒಂದನ್ನು ಲಗತ್ತಿಸಿದೆ. ಸಲಹೆಗಾರರು ಕೂತಿರುವುದನ್ನೂ, ಅವರ ಕೆಳಗೆ ಕಾಲುವೆ ಖಾಲಿಯಿರುವುದನ್ನೂ ಗಮನಿಸುವುದು. ತಮ್ಮ ಬೋರ್ಡು ಕಳೆದುಹೋಗಿಲ್ಲ. ‘ಮುಟ್ಟಕೂಡದು’ ಎಂಬ ಅಕ್ಷರಗಳಿರುವ ತುಂಡನ್ನು ಕದಿರಪ್ಪ ಬೇಕೆಂದೇ ಮೇಲ್ಗಡೆಗೆ ಇಟ್ಟಿದ್ದಾನೆ. ಕೆರೆಯ ನೀರು ಅದನ್ನು ಓದಿಕೊಂಡು ಸುಮ್ಮನೆ ನಿಂತಿದೆ. ಎರಡು ವರ್ಷದಲ್ಲಿ ತಮ್ಮ ಇಲಾಖೆಯಿಂದ ನಮ್ಮೂರಿಗೆ ಆದ ಉಪಕಾರ ಅದು.